ಟೊಮೆಟೊ, ಮೆಣಸಿನ ಗಿಡದ ಎಲೆ ಮುರುಟು: ಬೇವಿನೆಣ್ಣೆನಾ, ಅಂಟು ಕಾರ್ಡಾ, ನೆಟ್ಟಾ?

ಎಲೆ ಮುರುಟಿಗೆ ಈ ಮೂರರಲ್ಲಿ ಯಾವ್ದು ತಗೊಳ್ಲಿ ಅಂತ ಯೋಚಿಸ್ತಿದ್ರೆ, ಮೊದ್ಲು ಎಲೆ ನೋಡಿ. ಮೆಣಸಿನ ಎಲೆ ಮೇಲಕ್ಕೆ ದೋಣಿ ಥರ ಮಡಚ್ಕೊಂಡ್ರೆ ಸಾಮಾನ್ಯವಾಗಿ ಥ್ರಿಪ್ಸ್ (ರಸ ಹೀರೋ ಸಣ್ಣ ಹುಳ), ಕೆಳಕ್ಕೆ ಮುದುರಿದ್ರೆ ಮೈಟ್ಸ್ (ಕಣ್ಣಿಗೆ ಸರಿಯಾಗಿ ಕಾಣದ ನುಸಿ), ಟೊಮೆಟೊ ಮುರುಟಿದ್ರೆ ಹೆಚ್ಚಾಗಿ ಬಿಳಿನೊಣ ತರೋ ವೈರಸ್, ಅದಕ್ಕೆ ಔಷಧಿನೇ ಇಲ್ಲ, ಬರದ ಹಾಗೆ ನೋಡ್ಕೋಬೇಕಷ್ಟೇ.

ಖರ್ಚು ಅಂದ್ರೆ ಹಳದಿ ಅಂಟು ಕಾರ್ಡ್ ಅಗ್ಗ, ಕೆಲ್ಸನೂ ಕಮ್ಮಿ, ನೇತುಹಾಕಿ ಬಿಟ್ರಾಯ್ತು. ಆದ್ರೆ ಹಾರೋ ಹುಳ ಮಾತ್ರ ಅಂಟತ್ತೆ, ಎಲೆ ಅಡಿ ಮರಿಗಳು ಆರಾಮಾಗಿರ್ತಾವೆ, ಮೈಟ್ಸಿಗೆ ಉಪಯೋಗನೇ ಇಲ್ಲ.

ಮರಿಗಳಿಗೆ, ಮೈಟ್ಸಿಗೆ ಬೇವಿನೆಣ್ಣೆನೇ ವಾಸಿ, ಲೀಟರ್ ನೀರಿಗೆ 5 ಎಂಎಲ್, ಸ್ವಲ್ಪ ಸೋಪ್ ನೀರು ಸೇರಿಸಿ ಚೆನ್ನಾಗಿ ಅಲ್ಲಾಡ್ಸಿ ಸಂಜೆ ಹೊತ್ತು ಎಲೆ ಅಡಿಗೆ ಹೊಡೀರಿ, ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡತ್ತೆ. ವಾರವಾರ ಮಾಡ್ಬೇಕು, ಮಳೆ ಬಂದ್ರೆ ಮತ್ತೆ. ಊರಿಗೆ ಹೋಗ್ತಾ ಬರ್ತಾ ಇರೋರಿಗೆ ಇದು ಕಷ್ಟ.

ನೈಲಾನ್ ನೆಟ್ (40 ಮೆಶ್, ಅಂದ್ರೆ ಇಂಚಿಗೆ 40 ತೂತಿರೋ ಸಣ್ಣ ಬಲೆ) ದುಬಾರಿ ಆದ್ರೂ ಹಲವು ಸೀಸನ್ ಬಾಳತ್ತೆ, ಸಸಿ ಹಂತದಲ್ಲಿ ಬಿಳಿನೊಣ ತಡೆಯೋಕೆ ನಂಗಂತೂ ಇದರ ಮೇಲೇ ನಂಬಿಕೆ. ಬೀಜದಿಂದ ಟೊಮೆಟೊ ಬೆಳೆಸೋರು ಇದಕ್ಕೇ ದುಡ್ಡು ಹಾಕಿ. ಹೂ ಬಂದ್ಮೇಲೆ ಪರಾಗಸ್ಪರ್ಶ ಆಗೋಕೆ ನೆಟ್ ತೆಗೀರಿ, ಇಲ್ಲಾಂದ್ರೆ ಗಿಡ ದಿನಾ ಮೆಲ್ಲಗೆ ಅಲ್ಲಾಡ್ಸಿ.