ಭಾರದ ಟ್ರೇಲರ್ ಎಳೆಯಲು ಡೀಸೆಲ್ ಪಿಕಪ್ಪೋ, ಪೆಟ್ರೋಲ್ ಪಿಕಪ್ಪೋ?

ಅಮೆರಿಕದಲ್ಲಿ ದೊಡ್ಡ ಟ್ರೇಲರ್ ಎಳೆಯಲೆಂದು ಪಿಕಪ್ ಕೊಳ್ಳಲು ಹೊರಟವರಿಗೆ ಶೋರೂಮಿನಲ್ಲಿ ಮೊದಲು ಎದುರಾಗುವುದು ಎಂಜಿನ್ನಿನ ಪ್ರಶ್ನೆ. ಇಲ್ಲಿನವರು ಗ್ಯಾಸ್ ಎನ್ನುವ ಪೆಟ್ರೋಲಿನ ಎಂಜಿನ್ ಸಾಕೇ, ಅಥವಾ ಸುಮಾರು ಹತ್ತು ಸಾವಿರ ಡಾಲರ್ ಹೆಚ್ಚು ತೆತ್ತು ಡೀಸೆಲ್ ಕೊಳ್ಳಬೇಕೇ? ನಾನಿರುವುದು ಕೊಲೊರಾಡೊದಲ್ಲಿ, ಡೆನ್ವರ್ ಸಮೀಪ. ನನ್ನದು 7.3 ಲೀಟರ್ ಪೆಟ್ರೋಲ್ ವಿ8 ಎಂಜಿನ್ನಿನ 2022ರ ಫೋರ್ಡ್ ಎಫ್-250. ಗೆಳೆಯರೊಬ್ಬರ ಬಳಿ ಅದೇ ವರ್ಷದ ಎಫ್-350 ಇದೆ, ಅದರಲ್ಲಿರುವುದು 6.7 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್. ನನ್ನ ಫಿಫ್ತ್-ವೀಲ್ ಟ್ರೇಲರನ್ನು, ಅಂದರೆ ಬಂಪರಿನ ಹಿಂದಕ್ಕಲ್ಲದೆ ಪಿಕಪ್ಪಿನ ಸಾಮಾನು ತುಂಬುವ ಬೆಡ್ಡಿನೊಳಗೇ ಕೊಂಡಿ ಹಾಕಿ ಎಳೆಯುವ ಬಗೆಯದನ್ನು, ಎರಡೂ ಗಾಡಿಗಳಿಗೆ ಕಟ್ಟಿ ಒಂದೇ ದಾರಿಯಲ್ಲಿ ಓಡಿಸಿ ನೋಡಿದ್ದೇವೆ. ಸಾಮಾನು, ನೀರು ತುಂಬಿದ ಮೇಲೆ ಅದು ಸುಮಾರು 11,000 ಪೌಂಡ್, ಎಂದರೆ ಐದು ಟನ್ ತೂಗುತ್ತದೆ.

ಕಾಗದದ ಮೇಲಿನ ಅಂಕಿಗಳಲ್ಲೇ ಎರಡರ ಸ್ವಭಾವ ಗೊತ್ತಾಗುತ್ತದೆ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 5,500 ಸುತ್ತಿನಲ್ಲಿ 430 ಅಶ್ವಶಕ್ತಿ, 4,000 ಸುತ್ತಿನಲ್ಲಿ 475 ಪೌಂಡ್-ಅಡಿ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಡೀಸೆಲ್ 2,600 ಸುತ್ತಿನಲ್ಲಿ 475 ಅಶ್ವಶಕ್ತಿ, 1,600 ಸುತ್ತಿನಲ್ಲೇ 1,050 ಪೌಂಡ್-ಅಡಿ ಕೊಡುತ್ತದೆ. ಅಶ್ವಶಕ್ತಿಯಲ್ಲಿ ಅಂತರ ಅಷ್ಟೇನೂ ಇಲ್ಲ. ಆದರೆ ಪೆಟ್ರೋಲ್ ಎಂಜಿನ್ ಕಿರುಚಿಕೊಂಡು ಮಾಡುವ ಕೆಲಸವನ್ನು ಡೀಸೆಲ್ ಸದ್ದಿಲ್ಲದೆ ಮಾಡಿಬಿಡುತ್ತದೆ.

ನಮ್ಮ ಕಡೆ ಇದರ ಜೊತೆಗೆ ಎತ್ತರದ ಲೆಕ್ಕವೂ ಸೇರುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಡೀಸೆಲ್ಲಿನಲ್ಲಿದೆ, ನನ್ನ ಪೆಟ್ರೋಲ್ ಎಂಜಿನ್ನಿನಲ್ಲಿಲ್ಲ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಏರಿದಂತೆ ತನ್ನ ಶಕ್ತಿಯ ಶೇಕಡ 3ರಷ್ಟನ್ನು ಕಳೆದುಕೊಳ್ಳುತ್ತದೆ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಇರುವುದು 11,000 ಅಡಿಗೂ ಮೇಲೆ, ಅಲ್ಲಿ ಪೆಟ್ರೋಲ್ ಎಂಜಿನ್ನಿನ ಮೂರನೇ ಒಂದು ಪಾಲು ಶಕ್ತಿ ಗಾಳಿಗೆ ಹೋದಂತೆಯೇ. ಸಿಲ್ವರ್‌ಥಾರ್ನ್ ಊರಿನಿಂದ ಆ ಸುರಂಗದವರೆಗಿನ ಸುಮಾರು ಎಂಟು ಮೈಲಿಯ ಏರಿನಲ್ಲಿ, ಶೇಕಡ 7ರ ಇಳಿಜಾರಿರುವ ಕಡೆ, ನನ್ನ ಗಾಡಿ 5,000 ಸುತ್ತಿನ ಹತ್ತಿರ ಕೂಗುತ್ತಾ ಗಂಟೆಗೆ 45 ಮೈಲಿಯಲ್ಲಿ ಏರಿತು. ಒಳಗೆ ಕುಳಿತವರು ದನಿ ಎತ್ತರಿಸಿಯೇ ಮಾತನಾಡಬೇಕಾಯಿತು. ಡೀಸೆಲ್ 60ರಲ್ಲಿ ಏರಿತು. ಕಂಪನಿಗಳು ಪ್ರಕಟಿಸುವ ಎಳೆಯುವ ಸಾಮರ್ಥ್ಯವನ್ನು ಎಸ್‌ಎಇ ಜೆ2807 ಎಂಬ ಮಾನದಂಡದಂತೆ ಗೊತ್ತುಮಾಡುತ್ತಾರೆ, ಅದರಲ್ಲಿ ಏರಿನ ಪರೀಕ್ಷೆಗೆ ಆಧಾರ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ರಸ್ತೆ. ಅಲ್ಲಿ ಬಿಸಿಲೇನೋ ಸುಡುತ್ತದೆ, ಆದರೆ ಜಾಗ ರಾಕಿ ಪರ್ವತಗಳಷ್ಟು ಎತ್ತರದಲ್ಲಿಲ್ಲ. ಆದ್ದರಿಂದ ಬ್ರೋಶರಿನ ಅಂಕಿಯನ್ನು ನಂಬಿ ಕೊಲೊರಾಡೊದಲ್ಲಿ ಪೆಟ್ರೋಲ್ ಗಾಡಿ ಕೊಳ್ಳುವವರು ಅದರಲ್ಲಿ ಸಾಕಷ್ಟು ಕಡಿತ ಮಾಡಿಕೊಂಡೇ ಯೋಚಿಸಬೇಕು.

ಇಷ್ಟಾದರೂ ಏರಿನಲ್ಲಿ ನಿಧಾನವಾಗುವುದನ್ನು ನಾನು ದೊಡ್ಡ ಕೊರತೆಯೆಂದು ಎಣಿಸುವುದಿಲ್ಲ. ಲಾರಿಗಳ ಹಿಂದೆ ಬಲಗಡೆಯ ಲೇನ್ ಹಿಡಿದು ಹತ್ತು ನಿಮಿಷ ತಡವಾಗಿ ತಲುಪಿದರೆ ಯಾರಿಗೂ ನಷ್ಟವಿಲ್ಲ. ಡೀಸೆಲ್ಲಿನ ನಿಜವಾದ ಹೆಚ್ಚುಗಾರಿಕೆ ಇರುವುದು ಇಳಿಯುವಾಗ, ಮತ್ತು ಶೋರೂಮಿನವರು ಅದನ್ನು ಹೇಳುವುದೇ ಅಪರೂಪ. ಅದೇ ಎಂಟು ಮೈಲಿಯನ್ನು ಪಶ್ಚಿಮಕ್ಕೆ ಇಳಿಯುವಾಗ, ಬ್ರೇಕ್ ಸೋತ ಲಾರಿಗಳಿಗೆಂದೇ ಕಟ್ಟಿದ ಎರಡು ಜಲ್ಲಿಕಲ್ಲಿನ ಪಕ್ಕದಾರಿಗಳು ಕಾಣುತ್ತವೆ. ಆ ರಸ್ತೆಯ ಗುಣ ಎಂಥದೆಂದು ತಿಳಿಯಲು ಅಷ್ಟು ಸಾಕು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ನಮ್ಮ ಘಾಟಿ ರಸ್ತೆಗಳ ಚಾಲಕರು ಹೇಳುವ ಮಾತನ್ನು ಪೆಟ್ರೋಲ್ ಗಾಡಿಯಲ್ಲಿ ಅಕ್ಷರಶಃ ಪಾಲಿಸಬೇಕಾಗುತ್ತದೆ. ಭಾರ ಎಳೆಯುವಾಗಿನ ಟೋ-ಹಾಲ್ ಮೋಡ್ ಹಾಕಿದರೆ ಗೇರು ತಾನಾಗಿ ಕೆಳಗಿಳಿದು ಎಂಜಿನ್ ತಡೆಯುತ್ತದೆ, ಆದರೂ ವೇಗ ಮೆಲ್ಲಗೆ ಏರುತ್ತಲೇ ಇರುತ್ತದೆ, ಆಗಾಗ ಬ್ರೇಕ್ ಒತ್ತಿ ಬಿಡಬೇಕು. ಡೀಸೆಲ್ಲಿನಲ್ಲಿ ಎಕ್ಸಾಸ್ಟ್ ಬ್ರೇಕಿನ ಗುಂಡಿ ಒತ್ತಿದರೆ, ಟರ್ಬೊದ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯನ್ನು ತಡೆಹಿಡಿಯುತ್ತವೆ, ಆ ಒತ್ತಡವೇ ಗಾಡಿಯ ವೇಗವನ್ನು ಹಿಡಿದಿಡುತ್ತದೆ. ಸಿಲ್ವರ್‌ಥಾರ್ನ್‌ನಲ್ಲಿ ನಿಲ್ಲಿಸಿ ಇಳಿದಾಗ ನನ್ನ ಗಾಡಿಯ ಮುಂದಿನ ಚಕ್ರಗಳಿಂದ ಬಿಸಿ ಹಬೆಯಂತೆ ಹೊಮ್ಮುತ್ತಿತ್ತು, ಬ್ರೇಕ್ ಪ್ಯಾಡಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಡೀಸೆಲ್ ಗಾಡಿಯ ಚಕ್ರದ ಬಳಿ ಕೈ ಹಿಡಿದರೂ ವಿಶೇಷವೇನೂ ತಿಳಿಯಲಿಲ್ಲ.

ಹಾಗಿದ್ದರೆ ಡೀಸೆಲ್ಲೇ ಕೊಂಡರಾಯಿತು ಎನ್ನುವವರು ಚಾಲಕನ ಬಾಗಿಲು ತೆರೆದು ಚೌಕಟ್ಟಿಗೆ ಅಂಟಿಸಿರುವ, ಹಳದಿ ಪಟ್ಟಿಯ ಬಿಳಿ ಸ್ಟಿಕರನ್ನು ಓದಬೇಕು. ಜನ ಮತ್ತು ಸಾಮಾನು ಸೇರಿ ಗಾಡಿ ಹೊರಬಹುದಾದ ತೂಕ ಅದರಲ್ಲಿರುತ್ತದೆ. 10,000 ಪೌಂಡ್ ಒಟ್ಟು ತೂಕದ ಮಿತಿಯಿರುವ ಎಫ್-250ಯಲ್ಲಿ ಡೀಸೆಲ್ ಎಂಜಿನ್ ತಾನೇ ನೂರಾರು ಪೌಂಡ್ ಹೆಚ್ಚು ತೂಗುವುದರಿಂದ, ಅಷ್ಟೂ ಈ ಅಂಕಿಯಿಂದ ಕಳೆದುಹೋಗುತ್ತದೆ. ನಾವು ನೋಡಿದ ಎಫ್-250ಗಳಲ್ಲಿ ಪೆಟ್ರೋಲಿನದು ಸುಮಾರು 3,000 ಪೌಂಡ್ ಇತ್ತು, ಡೀಸೆಲ್ಲಿನದು 2,200ರ ಆಸುಪಾಸು. ಫಿಫ್ತ್-ವೀಲ್ ಟ್ರೇಲರ್ ತನ್ನ ತೂಕದ ಐದನೇ ಒಂದು ಪಾಲನ್ನು ಪಿಕಪ್ಪಿನ ಮೇಲೆ ಹೇರುತ್ತದೆ, ನನ್ನದರ ಲೆಕ್ಕದಲ್ಲಿ 2,200. ಅದಕ್ಕೆ ಕೊಂಡಿಯ 150, ಸಂಸಾರ ಮತ್ತು ಅವರ ಚೀಲಗಳ 600 ಸೇರಿಸಿ ನೋಡಿ: ಪೆಟ್ರೋಲ್ ಗಾಡಿ ಅಂಚಿನಲ್ಲಿ ಪಾಸಾಗುತ್ತದೆ, ಹೆಚ್ಚು ಎಳೆಯಬಲ್ಲ ಡೀಸೆಲ್ ಗಾಡಿಗೆ ಹೊರಲು ತಾಕತ್ತಿಲ್ಲ. ಗೆಳೆಯರು ಎಫ್-250 ಬಿಟ್ಟು ಹೆಚ್ಚು ಹೊರಬಲ್ಲ ಎಫ್-350ಕ್ಕೆ ಹೋದದ್ದು ಇದೇ ಕಾರಣಕ್ಕೆ.

ಹಣದ ಮಾತಿಗೆ ಬಂದರೆ, ಟ್ರೇಲರ್ ಕಟ್ಟಿದಾಗ ನನ್ನ ಗಾಡಿ ಗ್ಯಾಲನ್ನಿಗೆ ಏಳೂವರೆ ಮೈಲಿ ಓಡುತ್ತದೆ, ಡೀಸೆಲ್ ಹತ್ತೂವರೆ. ಪೆಟ್ರೋಲಿಗೆ 3.20 ಡಾಲರ್, ಡೀಸೆಲ್ಲಿಗೆ 3.70 ಎಂದಿಟ್ಟುಕೊಂಡರೆ 10,000 ಮೈಲಿ ಎಳೆದಾಗ ಉಳಿಯುವುದು ಸುಮಾರು 740 ಡಾಲರ್. ಕೊಟ್ಟ ಹತ್ತು ಸಾವಿರ ಹಿಂದಿರುಗಲು ಎಷ್ಟು ವರ್ಷ ಬೇಕೆಂದು ಅವರವರೇ ಲೆಕ್ಕ ಹಾಕಿಕೊಳ್ಳಬಹುದು. ಎಂಜಿನ್ ಆಯಿಲ್ ಡೀಸೆಲ್ಲಿಗೆ 13 ಕ್ವಾರ್ಟ್, ಪೆಟ್ರೋಲಿಗೆ 8. ಇಂಧನದ ಫಿಲ್ಟರುಗಳ ಖರ್ಚು, ಹೊಗೆಯನ್ನು ಶುಚಿಮಾಡಲು ಆಗಾಗ ತುಂಬಬೇಕಾದ ಡಿಇಎಫ್ ದ್ರವದ ಖರ್ಚು ಬೇರೆ. ಮಾರುವಾಗ ಡೀಸೆಲ್ಲಿಗೆ ಒಳ್ಳೆಯ ಬೆಲೆ ಬರುತ್ತದೆ ಎನ್ನುವುದು ನಿಜ. ಟ್ರೇಲರ್ ಕಟ್ಟಿಕೊಂಡೇ ಇಂಧನ ತುಂಬಿಸುವ ಸುಖವೂ ಡೀಸೆಲ್ಲಿನದೇ: ಲಾರಿಗಳ ಸಾಲಿನಲ್ಲಿ ನೇರ ಹೋಗಿ ನೇರ ಹೊರಬರಬಹುದು. ಪೆಟ್ರೋಲಿನವರು ಕಾರುಗಳ ಇಕ್ಕಟ್ಟಿನಲ್ಲಿ, ಮೇಲಿನ ಚಾವಣಿಗೆ ಟ್ರೇಲರಿನ ಎಸಿ ತಾಗುತ್ತದೋ ಎಂದು ಕತ್ತೆತ್ತಿ ನೋಡುತ್ತಲೇ ಸಾಗಬೇಕು.

ಟ್ರೇಲರ್ ಇಲ್ಲದ ದಿನಗಳಲ್ಲಿ ಗಾಡಿ ಏನು ಮಾಡುತ್ತದೆ ಎನ್ನುವುದೇ ನನ್ನ ಆಯ್ಕೆಯನ್ನು ತೀರ್ಮಾನಿಸಿತು. ಡೀಸೆಲ್ಲಿನ ಹೊಗೆಕೊಳವೆಯಲ್ಲಿರುವ ಮಸಿ ಹಿಡಿಯುವ ಫಿಲ್ಟರು ಚೆನ್ನಾಗಿ ಕಾದಾಗ ಮಾತ್ರ ಮಸಿಯನ್ನು ಸುಟ್ಟು ತನ್ನನ್ನು ತಾನು ಶುಚಿಮಾಡಿಕೊಳ್ಳುತ್ತದೆ. ಮನೆಯಿಂದ ಆಫೀಸಿಗೆ, ಅಲ್ಲಿಂದ ಅಂಗಡಿಗೆ ನಾಲ್ಕಾರು ಮೈಲಿ ಓಡುವ ಗಾಡಿಯಲ್ಲಿ ಅದಕ್ಕೆ ಅವಕಾಶವೇ ಸಿಗುವುದಿಲ್ಲ, ಮಸಿ ಕಟ್ಟುತ್ತಾ ಹೋಗುತ್ತದೆ. ಚಳಿಗಾಲದಲ್ಲಿ ಡಿಇಎಫ್ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಕಡುಚಳಿಯ ರಾತ್ರಿಗಳಲ್ಲಿ ಎಂಜಿನ್ನಿಗೆ ಹೀಟರ್ ಪ್ಲಗ್ ಹಾಕಿಡಬೇಕಾಗುತ್ತದೆ. ನಾನು ಟ್ರೇಲರ್ ಎಳೆಯುವುದು ಬೇಸಿಗೆಯಲ್ಲಿ, ಉಳಿದ ಕಾಲದಲ್ಲಿ ಅದು ಬರಿಯ ಮನೆಬಳಕೆಯ ಗಾಡಿ. ಆದ್ದರಿಂದ ಪೆಟ್ರೋಲನ್ನೇ ಇಟ್ಟುಕೊಂಡಿದ್ದೇನೆ. ಟ್ರೇಲರ್ 12,000 ಪೌಂಡ್ ದಾಟುವವರು, ವರ್ಷವಿಡೀ ಬೆಟ್ಟ ಹತ್ತಿಳಿಯುವವರು, ಕುದುರೆಗಳನ್ನೋ ಯಂತ್ರಗಳನ್ನೋ ಸಾಗಿಸಿ ಜೀವನ ನಡೆಸುವವರು ಡೀಸೆಲ್ಲನ್ನೇ ಕೊಳ್ಳಲಿ; ಆದರೆ ಎಫ್-250ಯಲ್ಲಲ್ಲ, ಎಫ್-350ಯಲ್ಲಿ.