ರಾಕ್ ಶೋ ನೋಡಲು ಹೋದ ಡ್ರಮ್ಮರ್ ನಿಲ್ಲಬೇಕಾದ್ದು ಎಲ್ಲಿ: ವೇದಿಕೆ ಮುಂದಿನ ಬ್ಯಾರಿಕೇಡ್ ಹತ್ತಿರವೋ, ಸೌಂಡ್ ಮಿಕ್ಸರ್ ಪಕ್ಕವೋ?

ಮೈಸೂರಿನಿಂದ ಬೆಂಗಳೂರಿಗೆ ಹಳೆಯ ರಾಕ್ ಬ್ಯಾಂಡ್ ನೋಡಲು ಹೊರಟಿದ್ದೀರಾ? ಟಿಕೆಟ್ ತೆಗೆಯುವ ಮೊದಲು, ಬೇಕಿರುವುದು ಕೈಚಳಕವೋ ನಾದವೋ ತೀರ್ಮಾನಿಸಿ.

ಕೈ ನೋಡಬೇಕಿದ್ದರೆ ಬ್ಯಾರಿಕೇಡ್ ಹತ್ತಿರವೇ ನಿಲ್ಲಿ, ಆದರೆ ನಡುವೆ ಬೇಡ. ಅಲ್ಲಿಂದ ಎದುರಿನ ಡ್ರಮ್‌ಗಳಾದ ಟಾಮ್‌ಗಳು ಮುಖ್ಯ ಏಟು ಬೀಳುವ ಸ್ನೇರ್ ಡ್ರಮ್ ಅನ್ನು ಮರೆಮಾಡುತ್ತವೆ. ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಇರುವ ಬದಿ ಹಿಡಿಯಿರಿ. ಬಲಗೈ ಡ್ರಮ್ಮರ್ ಆದರೆ ಅದು ನಿಮ್ಮ ಬಲಕ್ಕೆ. ಡೀಪ್ ಪರ್ಪಲ್‌ನ ಇಯಾನ್ ಪೇಸ್ ಎಡಚರು, ಅವರಿಗಾದರೆ ಎಡಬದಿ. ಆದರೆ ಮುಂದುಗಡೆ ಸಬ್‌ವೂಫರ್ ಅಬ್ಬರಕ್ಕೆ ಸ್ನೇರ್ ಮೇಲೆ ಮೆಲ್ಲಗೆ ಬಾರಿಸುವ ಘೋಸ್ಟ್ ನೋಟ್‌ಗಳು ಮುಳುಗಿಹೋಗುತ್ತವೆ.

ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಬೇಸ್ ಗಿಟಾರ್ ಹೇಗೆ ಬೆಸೆದಿವೆ ಎಂದು ಕೇಳಲು ಮಿಕ್ಸರ್ ಪಕ್ಕವೇ ಸರಿ, ಸೌಂಡ್ ಇಂಜಿನಿಯರ್ ಸದ್ದಿನ ಹದ ನೋಡುವುದೇ ಅಲ್ಲಿಂದ. ಅದಕ್ಕಿಂತ ತೀರಾ ಹಿಂದೆ ಹೋಗಬೇಡಿ. ವೇದಿಕೆಯ ಸದ್ದು 100 ಮೀಟರ್ ದಾಟಲು ಸುಮಾರು 0.3 ಸೆಕೆಂಡ್ ಬೇಕು. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಅದು ಅರ್ಧ ಬೀಟ್‌ಗಿಂತ ಹೆಚ್ಚು. ಕೋಲಿನ ಏಟು ಒಂದು ಕಡೆ, ಸದ್ದು ಇನ್ನೊಂದು ಕಡೆ!

ಮುಂದಿನ ಜಾಗ ಸಾಮಾನ್ಯವಾಗಿ ದುಬಾರಿ, ಬೇಗ ಹೋಗಿ ಕಾಯಲೂ ಬೇಕು. ಸ್ಯಾಟಲೈಟ್ ನಿಲ್ದಾಣದಲ್ಲಿ ಮಂಡ್ಯ, ಮೈಸೂರಿನ ರಾತ್ರಿ ಬಸ್ ಹಿಡಿಯುವವರಿಗೆ ಮಿಕ್ಸರ್ ಪಕ್ಕದಿಂದ ಹೊರಬರುವುದು ಸಲೀಸು.

ಎಲ್ಲೇ ನಿಂತರೂ ಇಯರ್‌ಪ್ಲಗ್ ಹಾಕಿ. ಸ್ಪಂಜಿನದು ಸಿಂಬಲ್ ಸದ್ದನ್ನು ಮಂಕಾಗಿಸುತ್ತದೆ, ಫಿಲ್ಟರ್ ಇರುವುದನ್ನೇ ಕೊಳ್ಳಿ.