ಹಳೇ ಲೆನ್ಸ್‌ಗೆ ಕ್ಯಾಮೆರಾ ಬಾಡಿ ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಚಿಕ್ಕಮಗಳೂರಿನಲ್ಲಿ ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಸೂಪರ್ ಟಕುಮಾರ್ ಇತ್ತು, ಫಿಲಂ ಕಾಲದ ಪೆಂಟಾಕ್ಸ್ ಲೆನ್ಸ್, 55 ಎಂಎಂ, ಎಫ್ 1.8, ಎಂ42 ಅನ್ನೋ ತಿರುಪಿನ ಮೌಂಟ್‌ನದ್ದು. ನಮ್ಮ ಕಡೆ ಮಳೆಗಾಲದಲ್ಲಿ ಲೆನ್ಸ್‌ಗೆ ಬೂಷ್ಟು ಹಿಡಿಯೋದು ಮಾಮೂಲಿ. ಚಿಕ್ಕಪ್ಪ ಮಾತ್ರ ಅದನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟು ಜೋಪಾನ ಮಾಡಿದ್ದರು. "ತಗೊಂಡು ಹೋಗೋ, ಸುಮ್ನೆ ಇಟ್ಟರೆ ಹಾಳಾಗುತ್ತೆ" ಅಂತ ಕೊಟ್ಟರು.

ಅದಕ್ಕಂತಲೇ ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿ ಹುಡುಕಿದೆ. ಹಾಸನದಲ್ಲಿ ಒಬ್ಬರು ಮಾರುತ್ತಿದ್ದರು. "ಯಾವ ಹಳೇ ಲೆನ್ಸ್ ಬೇಕಾದ್ರೂ ಕೂರುತ್ತೆ, ಅಡಾಪ್ಟರ್ ನಾನೇ ಕೊಡ್ತೀನಿ" ಅಂದರು. ಅಡಾಪ್ಟರ್ ಅಂದ್ರೆ ಲೆನ್ಸ್‌ಗೂ ಬಾಡಿಗೂ ನಡುವೆ ಹಾಕೋ ಬಳೆ. ತಮ್ಮದೇ ಆಟೋಫೋಕಸ್ ಲೆನ್ಸ್ ಹಾಕಿ ನಾಲ್ಕು ಫೋಟೊ ತೆಗೆದು ತೋರಿಸಿದರು. ನಾನು 34 ಸಾವಿರ ಕೊಟ್ಟು ಬಂದುಬಿಟ್ಟೆ. ಚಿಕ್ಕಪ್ಪನ ಲೆನ್ಸ್ ಮನೆಯಲ್ಲೇ ಇತ್ತು. ನಾನು ಮಾಡಿದ ತಪ್ಪು ಇದೇ.

ಮನೆಗೆ ಬಂದು ಹಾಕಿದರೆ ಶಟರ್ರೇ ಬೀಳಲಿಲ್ಲ. ಹಳೇ ಲೆನ್ಸ್ ಹಾಕಿದ್ದು ಕ್ಯಾಮೆರಾಗೆ ಗೊತ್ತಾಗಲ್ಲ. ಇದಕ್ಕೆ ಹೆದರಬೇಡಿ, ಮೆನುವಿನಲ್ಲಿ ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡು ಅನ್ನೋ ಆಯ್ಕೆ ಆನ್ ಮಾಡಿದರೆ ಆಯ್ತು.

ಮಾರನೇ ದಿನ ತಾರಸಿಯಿಂದ ಮುಳ್ಳಯ್ಯನಗಿರಿ ತೆಗೆದೆ. ಫೋಕಸ್ ರಿಂಗ್ ಕೊನೆವರೆಗೂ ತಿರುಗಿಸಿದರೂ ಬೆಟ್ಟದ ಅಂಚು ಮಬ್ಬು, ಪಕ್ಕದ ಮನೆಯ ನೀರಿನ ಟ್ಯಾಂಕ್ ಮಾತ್ರ ಸ್ಪಷ್ಟ. ಎಂ42 ಲೆನ್ಸ್ ಸೆನ್ಸರ್‌ನಿಂದ 45.46 ಎಂಎಂ ದೂರದಲ್ಲಿ ಕೂರಬೇಕು. ನನ್ನ ಬಾಡಿಯಲ್ಲಿ ಮೌಂಟ್‌ನಿಂದ, ಅಂದ್ರೆ ಲೆನ್ಸ್ ಕೂರೋ ಜಾಗದಿಂದ, ಸೆನ್ಸರ್‌ಗೆ 18 ಎಂಎಂ. ಉಳಿದ 27.46 ಅಡಾಪ್ಟರ್ ತುಂಬಬೇಕು, ಹಾಸನದವರು ಕೊಟ್ಟಿದ್ದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ ಇತ್ತು, ಅಷ್ಟಕ್ಕೇ ದೂರದ್ದೆಲ್ಲ ಹೋಯ್ತು. ಬೇರೆ ಅಡಾಪ್ಟರ್ ತರಿಸಿದೆ, ಅದು ಸರಿಹೋಯ್ತು.

ಸರಿಹೋಗದೇ ಇದ್ದದ್ದು ಬಾಡಿ. ಬೇಲೂರಿಗೆ ಹೋಗಿ ಚೆನ್ನಕೇಶವ ದೇವಸ್ಥಾನದ ಒಳಗೆ ನರಸಿಂಹ ಕಂಬದ ಮುಂದೆ ನಿಂತೆ. ಒಳಗೆ ಬೆಳಕು ಕಡಿಮೆ. ಐಎಸ್‌ಒ 1600 ಇಟ್ಟು ಲೆನ್ಸ್ ಪೂರ್ತಿ ತೆರೆದರೂ ಶಟರ್ ವೇಗ 1/30 ಸೆಕೆಂಡ್ ದಾಟಲಿಲ್ಲ. ಕ್ರಾಪ್ ಸೆನ್ಸರ್ (ಫಿಲಂಗಿಂತ ಚಿಕ್ಕ ಸೆನ್ಸರ್) ಆದ್ದರಿಂದ 55 ಎಂಎಂ ಹೆಚ್ಚುಕಡಿಮೆ 82ರ ಹಾಗೆ ಕಾಣುತ್ತೆ, ಇಡೀ ಕಂಬ ಬರಬೇಕಂದ್ರೆ ಹಿಂದೆ ಸರಿಯಬೇಕು, ಹಿಂದೆ ಜನ. ಬಾಡಿಯಲ್ಲಿ ಕೈ ನಡುಕ ಸರಿದೂಗಿಸೋ ಸ್ಟೆಬಿಲೈಸೇಶನ್ ಇಲ್ಲ, ಹಳೇ ಲೆನ್ಸ್‌ನಲ್ಲಂತೂ ಇರಲ್ಲ, ಕೈ ಸ್ವಲ್ಪ ನಡುಗಿದರೂ ಮುಗೀತು. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸೋ ಫೋಕಸ್ ಪೀಕಿಂಗ್ ಕೆಂಪು ಗೆರೆ ತೋರಿಸಿ ಎಲ್ಲಾ ಶಾರ್ಪ್ ಅಂದಿತ್ತು. ಮನೆಯಲ್ಲಿ ದೊಡ್ಡದು ಮಾಡಿ ನೋಡಿದರೆ, ಬೆರಳುದ್ದದ ಆ ಪುಟ್ಟ ಶಿಲ್ಪಗಳ ಮುಖವೇ ಇಲ್ಲ. ಅರವತ್ತಕ್ಕೂ ಹೆಚ್ಚು ಫೋಟೊ, ಒಂದೂ ಉಳಿಯಲಿಲ್ಲ. ತುಂಬಾ ಬೇಜಾರಾಯ್ತು.

ಬಾಡಿಯನ್ನು 26 ಸಾವಿರಕ್ಕೆ ಮಾರಿ, ಮೇಲೆ ದುಡ್ಡು ಹಾಕಿ, ಸ್ಟೆಬಿಲೈಸೇಶನ್ ಇರುವ ಫುಲ್ ಫ್ರೇಮ್ (ಫಿಲಂನಷ್ಟೇ ದೊಡ್ಡ ಸೆನ್ಸರ್) ಬಾಡಿ ತಗೊಂಡೆ. ಸೋನಿಯಲ್ಲಿ ನೋಡೋರಿಗೆ ಒಂದು ಮಾತು, 2013ರ ಎ7ನಲ್ಲಿ ಸ್ಟೆಬಿಲೈಸೇಶನ್ ಇಲ್ಲ, 2014ರ ಎ7 ಮಾರ್ಕ್ 2ರಿಂದ ಇದೆ.

ನೀವು ಹೋಗುವಾಗ ನಿಮ್ಮ ಲೆನ್ಸ್, ನಿಮ್ಮ ಅಡಾಪ್ಟರ್ ಬ್ಯಾಗಲ್ಲಿರಲಿ. ಅಂಗಡಿ ಹೊರಗೆ ನಿಂತು ದೂರದ ಮರಕ್ಕೋ ಟವರ್‌ಗೋ ಫೋಕಸ್ ಮಾಡಿ ನೋಡಿ, ಆಮೇಲೆ ಕತ್ತಲ ಮೂಲೆಯಲ್ಲಿ ಒಂದು ತೆಗೆಯಿರಿ. ಪೀಕಿಂಗ್ ನಂಬಬೇಡಿ, ವ್ಯೂಫೈಂಡರ್‌ನಲ್ಲಿ ಚಿತ್ರ ದೊಡ್ಡದು ಮಾಡೋದು ಒಂದೇ ಬಟನ್‌ಗೆ ಬರುತ್ತಾ ಕೇಳಿ. ಸ್ಟೆಬಿಲೈಸೇಶನ್ ಇದ್ದರೆ ಮೆನುವಿನಲ್ಲಿ ಲೆನ್ಸ್‌ನ ಎಂಎಂ ನೀವೇ ಹಾಕಬೇಕು, ಹಳೇ ಲೆನ್ಸ್ ಅದನ್ನು ಕ್ಯಾಮೆರಾಗೆ ಹೇಳಲ್ಲ. ಕ್ರಾಪ್ ಬಾಡಿಯಾದರೂ ಅಲ್ಲಿ 55 ಅಂತಲೇ ಹಾಕಿ, 82 ಅಲ್ಲ.